ಮನೆಯಲ್ಲಿ ರೂಯ್‌ಬಾಸ್ ಲ್ಯಾಟೆ ಮಾಡಿದರೆ ನೀರುನೀರಾಗುತ್ತಿದೆ, ಇಲ್ಲಾ ಹಾಲು ಒಡೆಯುತ್ತಿದೆ. ಯಾರಾದರೂ ದಾರಿ ಹೇಳಿ

ಸರಸ್ವತಿಪುರಂ ನಿವೃತ್ತ:
ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಅಡುಗೆಮನೆಗೆ ನಾನು ಹೊಸಬ. ಬ್ಯಾಂಕಿನಿಂದ ರಿಟೈರ್ ಆಗಿ ಎರಡು ವರ್ಷ ಆಯಿತು. ಫಿಲ್ಟರ್‌ಗೆ ಪುಡಿ ಹಾಕಿ ಡಿಕಾಕ್ಷನ್ ಇಳಿಸುವುದು ಬಿಟ್ಟರೆ ಒಲೆ ಮುಂದೆ ನನಗೆ ಬೇರೆ ಕೆಲಸ ಗೊತ್ತಿಲ್ಲ.

ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಾಳೆ, ಈಗ ಏಳು ತಿಂಗಳು. ಕಾಫಿ ದಿನಕ್ಕೆ ಒಂದೇ ಲೋಟ ಅಂತ ಡಾಕ್ಟರ್ ಹೇಳಿದ್ದಾರೆ. ಬೆಳಗಿನ ಲೋಟ ಅವಳು ಬಿಡುವುದಿಲ್ಲ. ಸಂಜೆ ನಾಲ್ಕೂವರೆಗೆ ಮನೆಯಲ್ಲಿ ನಮ್ಮ ಕಾಫಿ ಘಮ್ಮೆಂದಾಗ ಅವಳ ಮುಖ ನೋಡೋಕೆ ಆಗಲ್ಲ. ಬೆಂಗಳೂರಿನಲ್ಲಿ ಆಫೀಸಿನ ಹತ್ತಿರ ರೂಯ್‌ಬಾಸ್ ಲ್ಯಾಟೆ ಅಂತ ಕುಡಿಯುತ್ತಿದ್ದಳಂತೆ, ಅದರಲ್ಲಿ ಕೆಫೀನ್ ಇಲ್ಲವಂತೆ. ಮೊನ್ನೆ ಗೋಕುಲಂ ಕಡೆ ಒಂದು ಕೆಫೆಗೆ ಕರೆದುಕೊಂಡು ಹೋಗಿ ಕೊಡಿಸಿದೆ. ಒಂದಕ್ಕೆ 260 ರೂಪಾಯಿ. ನಾನೂ ಒಂದು ಗುಟುಕು ಕುಡಿದೆ, ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಇತ್ತು. ಮೇಲೆ ನೊರೆ, ಕೆಳಗೆ ಗಟ್ಟಿ, ನಾಲಿಗೆ ಮೇಲೆ ನುಣ್ಣಗೆ ಜಾರುತ್ತದೆ.

ಮನೆಯಲ್ಲಿ ಮಾಡೋಣ ಅಂತ ಆನ್‌ಲೈನ್‌ನಲ್ಲಿ ರೂಯ್‌ಬಾಸ್ ಎಲೆ ತುಂಬಿದ ಟೀ ಚೀಲಗಳ ಒಂದು ಡಬ್ಬ ತರಿಸಿದೆ. ಮೊದಲ ಸಲ ಲೋಟದಲ್ಲಿ ಬಿಸಿನೀರು ತುಂಬಿ, ಚೀಲ ಅದ್ದಿ, ಮೇಲೆ ಹಾಲು ಹಾಕಿದೆ. ಮಣ್ಣು ರಸ್ತೆಯ ಗುಂಡಿಯಲ್ಲಿ ಮಳೆನೀರು ನಿಂತ ಹಾಗೆ ಕಂಡಿತು. ರುಚಿಯೂ ಹೆಚ್ಚುಕಡಿಮೆ ಹಾಗೇ. ಎರಡನೇ ಸಲ ಹಾಲು, ಹಸಿ ಶುಂಠಿ, ಬೆಲ್ಲ ಎಲ್ಲಾ ಒಟ್ಟಿಗೆ ಹಾಕಿ ಕುದಿಸಿದೆ. ಚಮಚ ಎತ್ತಿದರೆ ಅದರ ಬೆನ್ನಿಗೆ ರವೆ ಅಂಟಿದ ಹಾಗೆ ಬಿಳಿ ಬಿಳಿ ಕಾಳು. ಒಡೆದುಹೋಗಿತ್ತು. ಮೂರನೇ ಸಲ ಅಂಗಡಿಯಲ್ಲಿ ಹರ್ಬಲ್ ಅಂತ ಕೇಳಿ ತುಳಸಿ ಗ್ರೀನ್ ಟೀ ತಂದರೆ ಮಗಳು ಡಬ್ಬ ತಿರುಗಿಸಿ ನೋಡಿ, 'ಅಪ್ಪಾ, ಇದು ಟೀ ಎಲೆನೇ, ಕೆಫೀನ್ ಇದೆ' ಅಂದಳು.

ನಮ್ಮ ಮನೆಯವರು, 'ಕಷಾಯ ಮಾಡಿಕೊಟ್ಟರೆ ಕುಡಿಯಲ್ವಾ, ಅದಕ್ಕೆ ಇಷ್ಟು ಆಟ ಯಾಕೆ' ಅನ್ನುತ್ತಿದ್ದಾರೆ. ನಾನು ಹಟಕ್ಕೆ ಬಿದ್ದಿದ್ದೇನೆ. ಮೆಷೀನ್ ತರುವ ಯೋಚನೆ ಇಲ್ಲ. ಹೇಗೆ ಮಾಡಬೇಕು?

ಫಿಲ್ಟರ್ ಭಕ್ತ:
ಲ್ಯಾಟೆ ಅಂದರೆ ಇಟಾಲಿಯನ್ ಭಾಷೆಯಲ್ಲಿ ಹಾಲು ಅಂತ ಅರ್ಥ ಸರ್. 260 ಕೊಟ್ಟು ಹಾಲು ಕುಡಿದು ಬಂದಿದ್ದೀರಿ.

ಒಂಟಿಕೊಪ್ಪಲ್ ಅಕ್ಕ:
ನಗಬೇಡಿ, ಪಾಪ ಮಗಳಿಗೋಸ್ಕರ ಮಾಡುತ್ತಿದ್ದಾರೆ.

ಸರ್, ನಿಮಗೆ ಉತ್ತರ ಆಗಲೇ ಗೊತ್ತಿದೆ, ಅದು ನಿಮಗೇ ಗೊತ್ತಿಲ್ಲ ಅಷ್ಟೆ. ಕಾಫಿ ಮಾಡುವಾಗ ಒಂದು ಲೋಟ ಬಿಸಿನೀರಿಗೆ ಪುಡಿ ಹಾಕಿ ಅದರ ಮೇಲೆ ಹಾಲು ಹುಯ್ಯುತ್ತೀರಾ? ಇಲ್ಲ. ಕಾಲು ಲೋಟ ಡಿಕಾಕ್ಷನ್, ಮುಕ್ಕಾಲು ಹಾಲು. ಇದಕ್ಕೂ ಅದೇ ಲೆಕ್ಕ. ಡಬ್ಬದ ಮೇಲೆ ಬರೆದ ಅಳತೆ ಹಾಲಿಲ್ಲದೆ ಕುಡಿಯುವವರಿಗೆ. ಹಾಲು ಹಾಕುವವರು ನೀರನ್ನು ಕಮ್ಮಿ ಮಾಡಬೇಕು, ಎಲೆಯನ್ನು ಜಾಸ್ತಿ ಮಾಡಬೇಕು.

ನಾನು ಮಾಡುವುದು ಹೀಗೆ. ಅರ್ಧ ಲೋಟ ನೀರಿಗೆ ಎರಡು ಚಹಾ ಚಮಚ ತುಂಬಾ ರೂಯ್‌ಬಾಸ್ ಹಾಕಿ ಸಣ್ಣ ಉರಿಯಲ್ಲಿ ಎಂಟು–ಹತ್ತು ನಿಮಿಷ ಕುದಿಸುತ್ತೇನೆ. ನೀರು ಅರ್ಧಕ್ಕೆ ಇಳಿಯಬೇಕು, ಬಣ್ಣ ಗಾಢ ಇಟ್ಟಿಗೆ ಕೆಂಪು ಆಗಬೇಕು. ಟೀ ಸೊಪ್ಪನ್ನು ಇಷ್ಟು ಹೊತ್ತು ಕುದಿಸಿದರೆ ಒಗರು ಹತ್ತಿ ಬಾಯಿಗೆ ಇಡೋಕಾಗಲ್ಲ. ರೂಯ್‌ಬಾಸ್‌ಗೆ ಆ ಭಯ ಇಲ್ಲ, ಒಗರು ಕೊಡುವ ಟ್ಯಾನಿನ್ ಅದರಲ್ಲಿ ಕಮ್ಮಿ. ಅದು ಟೀ ಗಿಡವೇ ಅಲ್ಲ. ದಕ್ಷಿಣ ಆಫ್ರಿಕಾದ ಸೆಡರ್‌ಬರ್ಗ್ ಬೆಟ್ಟದ ಕಡೆ ಬೆಳೆಯುವ ಒಂದು ಪೊದೆ, ಸೂಜಿ ಥರದ ಎಲೆ. ಕೊಯ್ದು, ಜಜ್ಜಿ, ರಾಶಿ ಹಾಕಿ ಬಿಟ್ಟಾಗ ಹಸಿರು ಹೋಗಿ ಕೆಂಪು ಬರುತ್ತದೆ. ಹುಟ್ಟಿನಿಂದಲೇ ಕೆಫೀನ್ ಇಲ್ಲ. ಡೀಕ್ಯಾಫ್ ಕಾಫಿ ಹಾಗಲ್ಲ, ಕೆಫೀನ್ ತೆಗೆದ ಮೇಲೂ ಅದರಲ್ಲಿ ಚೂರು ಉಳಿದಿರುತ್ತದೆ.

ಸೋಸುವಾಗ ಚಮಚದಿಂದ ಎಲೆಯನ್ನು ಜಾಲರಿಗೆ ಚೆನ್ನಾಗಿ ಒತ್ತಿ. ನಿಜವಾದ ಗಟ್ಟಿ ಅಲ್ಲೇ ಕೂತಿರುತ್ತದೆ. ಚೀಲವೇ ಇದ್ದರೆ ಮೂರು ಚೀಲ ಕತ್ತರಿಸಿ ಸುರಿಯಿರಿ, ದಾರ ಹಿಡಿದು ಅದ್ದುವುದೆಲ್ಲ ಬಿಟ್ಟುಬಿಡಿ.

ಲ್ಯಾಬ್ ಕೋಟು:
ಒಡೆದ ಹಾಲಿನ ವಿಷಯ ನಾನು ಹೇಳುತ್ತೇನೆ, ಆಹಾರ ವಿಜ್ಞಾನ ಓದಿದವನು. ನಿಮ್ಮ ಎರಡನೇ ಪ್ರಯತ್ನದಲ್ಲಿ ಒಬ್ಬರಲ್ಲ, ಇಬ್ಬರು ಕಳ್ಳರು.

ಒಬ್ಬ ಹಸಿ ಶುಂಠಿ. ಅದರಲ್ಲಿ ಪ್ರೋಟೀನನ್ನು ಕತ್ತರಿಸುವ ಒಂದು ಕಿಣ್ವ ಇದೆ, ಝಿಂಜಿಬೇನ್ ಅಂತ. ಹಾಲು 60–70 ಡಿಗ್ರಿ ಹತ್ತಿರ ಬಂದಾಗ ಅದಕ್ಕೆ ಹಬ್ಬ, ಹಾಲನ್ನು ಹೆಪ್ಪು ಹಾಕಿದ ಹಾಗೆ ಮಾಡಿಬಿಡುತ್ತದೆ. ಚೀನಾದ ದಕ್ಷಿಣ ಭಾಗದಲ್ಲಿ ಬಿಸಿ ಹಾಲನ್ನು ಶುಂಠಿ ರಸದ ಮೇಲೆ ಹುಯ್ದು, ಬೇಕು ಅಂತಲೇ ಗಟ್ಟಿ ಮಾಡಿ ಚಮಚದಲ್ಲಿ ತಿನ್ನುತ್ತಾರೆ. ನಿಮಗೆ ಅದು ಬೇಡ. ಶುಂಠಿಯನ್ನು ಮೊದಲು ನೀರಿನಲ್ಲಿ ನಾಲ್ಕೈದು ನಿಮಿಷ ಕುದಿಸಿ, ಕಿಣ್ವ ಸಾಯುತ್ತದೆ. ಆಮೇಲೆ ಹಾಲು ಸೇರಿಸಿದರೆ ಏನೂ ಆಗುವುದಿಲ್ಲ.

ಇನ್ನೊಬ್ಬ ಬೆಲ್ಲ. ಅದರಲ್ಲಿ ಸ್ವಲ್ಪ ಹುಳಿ, ಜೊತೆಗೆ ಖನಿಜದ ಉಪ್ಪು ಇರುತ್ತದೆ. ಕುದಿಯುವ ಹಾಲಿನಲ್ಲಿ ಎರಡೂ ಸೇರಿ ಕೆಲಸ ಕೆಡಿಸುತ್ತವೆ. ಒಲೆ ಆರಿಸಿ, ಎರಡು ನಿಮಿಷ ಬಿಟ್ಟು ಹಾಕಿ. ಇಲ್ಲಾ ಡಿಕಾಕ್ಷನ್‌ನಲ್ಲೇ ಕರಗಿಸಿ ಸೋಸಿಕೊಳ್ಳಿ, ಮಣ್ಣು ಕಸ ಏನಿದ್ದರೂ ಹೋಗುತ್ತದೆ.

ಇನ್ನೊಂದು ಮಾತು. ಕೆಲವು ಹರ್ಬಲ್ ಟೀ ಡಬ್ಬಗಳಲ್ಲಿ ದಾಸವಾಳ ಅಂತ ಇರುತ್ತದೆ. ಅದು ದೇವರಿಗೆ ಇಡುವ ದಾಸವಾಳ ಅಲ್ಲ, ನಮ್ಮ ಪುಂಡಿ ಸೊಪ್ಪಿನ ಜಾತಿ. ಹುಳಿ ಅಂದರೆ ಹುಳಿ. ಹಾಲು ತಾಗಿದ ತಕ್ಷಣ ಒಡೆಯುತ್ತದೆ, ನೀವು ಏನೇ ಜಾಣತನ ಮಾಡಿ. ನಿಂಬೆ ಸಿಪ್ಪೆ, ಒಣ ಹಣ್ಣು ಸೇರಿಸಿದ ಮಿಶ್ರಣಗಳಿಗೂ ಹಾಲು ಬೇಡ.

ಆಲೆಮನೆ ಹೈದ:
ಮಂಡ್ಯದವನು ಕಣಣ್ಣ ನಾನು, ಬೆಲ್ಲದ ಮೇಲೆ ಅಪವಾದ ಬಂದರೆ ಸುಮ್ನೆ ಇರೋಕಾಗಲ್ಲ. ಎಲ್ಲಾ ಬೆಲ್ಲವೂ ಹಾಲು ಒಡೆಯಲ್ಲ. ನಮ್ಮ ಕಡೆ ಆಲೆಮನೆಯಲ್ಲಿ ಹಾಲು (ಕಬ್ಬಿನ ಹಾಲು, ಹಸುವಿನದಲ್ಲ) ಕೊಪ್ಪರಿಗೆಗೆ ಬಿದ್ದ ಮೇಲೆ ಸುಣ್ಣ ಹಾಕುತ್ತಾರೆ, ಹುಳಿ ಮುರಿಯೋಕೆ. ಬೆಂಡೆ ಗಿಡದ ಲೋಳೆ ಬಿಟ್ಟು ಮೇಲೆ ಬಂದ ಕೊಳೆಯನ್ನು ತೆಗೆಯುತ್ತಾರೆ. ಕಬ್ಬು ಕಡಿದು ಎರಡು ಮೂರು ದಿನ ಬಿಸಿಲಲ್ಲಿ ಬಿದ್ದಿದ್ದರೆ ರಸ ಹುಳಿಯಾಗಿರುತ್ತದೆ, ಅಂಥದ್ದರಲ್ಲಿ ಮಾಡಿದ ಬೆಲ್ಲವೇ ನಿಮ್ಮ ಕಾಫಿ ಟೀ ಎಲ್ಲಾ ಕೆಡಿಸುವುದು. ಹಳದಿಯಾಗಿ ಫಳಫಳ ಹೊಳೆಯುವ ಅಚ್ಚು ನೋಡಿ ಮರುಳಾಗಬೇಡಿ, ಆ ಬಣ್ಣಕ್ಕೆ ಹೈಡ್ರೋಸ್ ಅನ್ನೋ ರಾಸಾಯನಿಕ ಹಾಕಿರುತ್ತಾರೆ. ಕಂದು ಬಣ್ಣದ ಬೆಲ್ಲ ತಗೊಳ್ಳಿ, ಮುರಿದು ನಾಲಿಗೆ ಮೇಲೆ ಇಟ್ಟು ನೋಡಿ. ಉಪ್ಪುಪ್ಪು, ಹುಳಿಹುಳಿ ಅಂದರೆ ವಾಪಸ್ ಇಡಿ.

ಆದರೂ ಲ್ಯಾಬ್ ಸರ್ ಹೇಳಿದ್ದೇ ಸರಿ. ಒಲೆ ಆರಿಸಿದ ಮೇಲೇ ಹಾಕಿ.

ಸರಸ್ವತಿಪುರಂ ನಿವೃತ್ತ:
ಎಲ್ಲರಿಗೂ ಥ್ಯಾಂಕ್ಸ್. ಡಿಕಾಕ್ಷನ್ ಅಂದ ತಕ್ಷಣ ತಲೆಗೆ ಹೊಳೆಯಿತು. ಇವತ್ತು ಸಂಜೆ ಅಕ್ಕ ಹೇಳಿದ ಹಾಗೆ ಮಾಡಿದೆ, ಹಾಲು ಒಡೆಯಲಿಲ್ಲ, ಬಣ್ಣವೂ ಬಂತು. ಮಗಳು, 'ರುಚಿ ಅದೇ, ಆದರೆ ನೊರೆ ಎಲ್ಲಿ' ಅಂದಳು. ನೊರೆಗೆ ಏನು ಮಾಡಲಿ?

ತೀರ್ಥಹಳ್ಳಿ ಟು ಮೈಸೂರು:
ಅಲ್ಲಾ, ದಕ್ಷಿಣ ಆಫ್ರಿಕಾದಿಂದ ಎಲೆ ಯಾಕೆ ತರಿಸಬೇಕು ಅಂತ ನನ್ನ ಪ್ರಶ್ನೆ. ನಿಮ್ಮ ಮನೆಯವರು ಹೇಳಿದ್ದೇ ಸರಿ ಅಂಕಲ್, ಮಲೆನಾಡಿನಲ್ಲಿ ನಾವು ಹುಟ್ಟಿದಾಗಿನಿಂದ ಕುಡಿಯುತ್ತಿರುವುದು ಇದನ್ನೇ. ಹೆಸರು ಕಷಾಯ, ಅದಕ್ಕೇ ಕೆಫೆಯವರು 260 ಹಾಕೋಕಾಗಲ್ಲ.

ಒಂದು ಬಟ್ಟಲು ಕೊತ್ತಂಬರಿ ಬೀಜ, ಅರ್ಧ ಬಟ್ಟಲು ಜೀರಿಗೆ, ಒಂದು ದೊಡ್ಡ ಚಮಚ ಕಾಳುಮೆಣಸು, ಎಂಟು ಹತ್ತು ಏಲಕ್ಕಿ, ಒಂದು ಬೆರಳುದ್ದ ಒಣಶುಂಠಿ. ಶುಂಠಿ ಜಜ್ಜಿಕೊಳ್ಳಿ. ಕೊತ್ತಂಬರಿಯನ್ನು ಬೇರೆಯಾಗಿ, ಸಣ್ಣ ಉರಿಯಲ್ಲಿ ಹುರಿಯಬೇಕು. ಸಾರಿನ ಪುಡಿಗೆ ಹುರಿಯುವುದಕ್ಕಿಂತ ಇನ್ನೊಂದು ಚೂರು ಮುಂದಕ್ಕೆ, ಕಾಳು ಕಾಫಿ ಬೀಜದ ಬಣ್ಣಕ್ಕೆ ತಿರುಗಬೇಕು, ಆದರೆ ಹೊಗೆ ಬರಬಾರದು. ಕೈಯಲ್ಲಿ ಹಿಡಿದು ಒತ್ತಿದರೆ ಪಟ್ ಅಂತ ಒಡೆಯಬೇಕು. ಈ ಒಂದು ಹಂತದಲ್ಲೇ ಎಲ್ಲಾ ಇರುವುದು. ಹಸಿಯಾಗಿ ಪುಡಿ ಮಾಡಿದರೆ ಸಾರು ಕುಡಿದ ಹಾಗಿರುತ್ತದೆ, ಚೆನ್ನಾಗಿ ಹುರಿದರೆ ಕಾಫಿಯ ತಮ್ಮನ ಹಾಗೆ. ಹಳೆಯ ಕಾಲದಲ್ಲಿ ಇದನ್ನೇ ಕೊತ್ತಂಬರಿ ಕಾಫಿ ಅನ್ನುತ್ತಿದ್ದರು. ಕೆಲವರು ಮೆಂತ್ಯ ಹಾಕುತ್ತಾರೆ. ಬಸುರಿಗೆ ಮೆಂತ್ಯ ಬೇಡ, ಕಹಿಯೂ ಬರುತ್ತೆ.

ಅರ್ಧ ಲೋಟ ನೀರಿಗೆ ಒಂದೂವರೆ ಚಮಚ ಪುಡಿ, ಐದು ನಿಮಿಷ ಕುದಿ, ಬಟ್ಟೆಯಲ್ಲಿ ಸೋಸಿ. ಜಾಲರಿ ಸಾಲದು, ಗಂಟಲಿಗೆ ಪುಡಿ ಸಿಗುತ್ತದೆ.

ಫಿಲ್ಟರ್ ಭಕ್ತ:
'ಕಾಫಿಯ ತಮ್ಮ'. ಈ ಸಂಬಂಧವನ್ನು ನಾನು ಒಪ್ಪುವುದಿಲ್ಲ.

ಪಾಂಡವಪುರ ಪ್ಯಾಸೆಂಜರ್:
ಭಕ್ತರಿಗೆ ಹೊಂದುವ ಒಂದು ದಾರಿ ಇದೆ. ಚಿಕೋರಿ. ಕಾಫಿ ಪುಡಿ ಅಂಗಡಿಯಲ್ಲಿ 'ಎಷ್ಟು ಚಿಕೋರಿ ಹಾಕಲಿ' ಅಂತ ಕೇಳುತ್ತಾರಲ್ಲ, ನಾನು ಒಂದು ದಿನ 'ಪೂರ್ತಿ ಚಿಕೋರಿನೇ ಕೊಡಿ, ಕಾಫಿ ಬೇಡ' ಅಂದೆ. ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಚಿಕೋರಿ ಒಂದು ಗಿಡದ ಬೇರು, ಒಣಗಿಸಿ ಹುರಿದು ಪುಡಿ ಮಾಡುವುದು, ಕೆಫೀನ್ ಸೊನ್ನೆ. ನಾವು ಕುಡಿಯುವ ಕಾಫಿಯ ಕಡು ಬಣ್ಣ, ಗಟ್ಟಿತನದಲ್ಲಿ ಅರ್ಧ ಅದರದ್ದೇ. ಕಾಫಿ–ಚಿಕೋರಿ ಮಿಶ್ರಣದಲ್ಲಿ ನೂರಕ್ಕೆ 49ರವರೆಗೆ ಚಿಕೋರಿ ಇರಬಹುದು ಅಂತ ಕಾನೂನೇ ಇದೆ.

ಆದರೆ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಬರೀ ಚಿಕೋರಿಯನ್ನು ಫಿಲ್ಟರ್‌ಗೆ ಹಾಕಿದೆ. ರಾತ್ರಿ ಹಾಕಿದ್ದು ಬೆಳಿಗ್ಗೆ ನೋಡಿದರೆ ಮೇಲಿನ ಪಾತ್ರೆಯಲ್ಲಿ ಕೆಸರು, ಕೆಳಗಡೆ ನಾಲ್ಕು ತೊಟ್ಟು. ಅದು ನೀರು ಹೀರಿಕೊಂಡು ತೂತನ್ನೆಲ್ಲ ಮುಚ್ಚಿಬಿಡುತ್ತದೆ. ಫಿಲ್ಟರ್‌ನ ತೂತುಗಳನ್ನು ಸೂಜಿ ಹಾಕಿ ಬಿಡಿಸಬೇಕಾಯಿತು, ಮನೆಯಲ್ಲಿ ಆ ದಿನ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಪಾತ್ರೆಯಲ್ಲಿ ಒಂದು ಚಮಚ ಹಾಕಿ ಎರಡು ನಿಮಿಷ ಕುದಿಸಿ ಬಟ್ಟೆಯಲ್ಲಿ ಸೋಸಿ, ಅಷ್ಟೇ. ಜಾಸ್ತಿ ಕುಡಿದರೆ ಕೆಲವರಿಗೆ ಹೊಟ್ಟೆ ಉಬ್ಬುತ್ತದೆ, ಅದರಲ್ಲಿರುವ ನಾರು ಅಂಥದ್ದು. ಬಸುರಿಗೆ ಕೊಡುವ ಮೊದಲು ಡಾಕ್ಟರನ್ನು ಕೇಳಿ.

ಕೈಮಗ್ಗದ ಸೀರೆ:
ನೊರೆಗೆ ಬ್ಯಾಟರಿ ಫ್ರಾತರ್ ತಗೊಳ್ಳಿ, ಆನ್‌ಲೈನ್‌ನಲ್ಲಿ ಸಿಗುತ್ತೆ.

ಹಿನಕಲ್ ಹುಡುಗ:
ಮಿಕ್ಸಿಗೆ ಹಾಕಿ ಒಂದು ಸುತ್ತು ತಿರುಗಿಸಿ ಅಂಕಲ್.

ಒಂಟಿಕೊಪ್ಪಲ್ ಅಕ್ಕ:
ಬಿಸಿ ಹಾಲನ್ನು ಮಿಕ್ಸಿಗೆ ಹಾಕಬೇಡಿ!! ನಮ್ಮ ಮನೆಯಲ್ಲಿ ಹಬೆ ಒತ್ತಿ ಮುಚ್ಚಳ ಹಾರಿ, ಗೋಡೆ ಮೇಲಿದ್ದ ಕ್ಯಾಲೆಂಡರ್‌ವರೆಗೆ ಹಾಲು. ಕೈ ಸುಟ್ಟಿಲ್ಲ ಅನ್ನುವುದೇ ಪುಣ್ಯ.

ಸರ್, ಮನೆಯಲ್ಲಿ ಕಡೆಗೋಲು ಇದೆಯಾ? ಮಜ್ಜಿಗೆ ಕಡೆಯುವ ಸಣ್ಣದು, ಮರದ್ದು. ಎತ್ತರದ ಚೊಂಬಿನಲ್ಲಿ ಕಾಲು ಭಾಗ ಮಾತ್ರ ಬಿಸಿ ಹಾಲು ಹಾಕಿ. ಎರಡು ಅಂಗೈ ಮಧ್ಯೆ ಕಡೆಗೋಲು ಹಿಡಿದು ತಿರುಗಿಸಿ, ತಲೆ ಹಾಲಿನಲ್ಲಿ ಪೂರ್ತಿ ಮುಳುಗಬಾರದು, ಮೇಲ್ಮೈಗೆ ಅರ್ಧ ತಾಗುತ್ತಿರಬೇಕು. ಮೊದಲು ಗುಳುಗುಳು ಅಂತ ದೊಡ್ಡ ಗುಳ್ಳೆ ಏಳುತ್ತದೆ, ಅರ್ಧ ನಿಮಿಷ ಆದ ಮೇಲೆ ಸದ್ದು ಬದಲಾಗಿ ಸರಸರ ಅನ್ನುತ್ತದೆ. ಆ ಸದ್ದು ಬಂದಾಗ ಗುಳ್ಳೆಗಳು ಸಣ್ಣಗಾಗಿರುತ್ತವೆ. ಚೊಂಬನ್ನು ಕಟ್ಟೆಗೆ ಎರಡು ಸಲ ಟಕ್ ಟಕ್ ಕುಟ್ಟಿ, ಉಳಿದ ದೊಡ್ಡ ಗುಳ್ಳೆಯೂ ಒಡೆಯುತ್ತದೆ. ಮಜ್ಜಿಗೆಯ ಕಡೆಗೋಲನ್ನೇ ಬಳಸುವುದಾದರೆ ಕುದಿಯುವ ನೀರಿನಲ್ಲಿ ತೊಳೆಯಿರಿ, ಹುಳಿ ಉಳಿದಿದ್ದರೆ ಮತ್ತೆ ಒಡೆದ ಹಾಲಿನ ಕತೆ.

ಲ್ಯಾಬ್ ಕೋಟು:
ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಕುದಿಯುವ ಹಾಲಿನಲ್ಲಿ ನೊರೆ ನಿಲ್ಲುವುದಿಲ್ಲ. 60–65 ಡಿಗ್ರಿ ಸರಿಯಾದ ಬಿಸಿ. ಥರ್ಮಾಮೀಟರ್ ಬೇಡ, ಚೊಂಬನ್ನು ಹೊರಗಿನಿಂದ ಮುಟ್ಟಿ, ಕೈ ಒಂದು ಕ್ಷಣ ಇಟ್ಟು ತೆಗೆಯಬೇಕು ಅನಿಸಿದರೆ ಅಷ್ಟು ಸಾಕು. ಕೆನೆ ತೆಗೆದುಬಿಡಿ, ಅದು ನೊರೆಯನ್ನು ಎಳೆದು ಹರಿಯುತ್ತದೆ.

ನೊರೆ ಕಟ್ಟುವುದು ಹಾಲಿನ ಪ್ರೋಟೀನು. ನುಣುಪು ಕೊಡುವುದು ಕೊಬ್ಬು. ಟೋನ್ಡ್ ಹಾಲಿನಲ್ಲಿ ಕೊಬ್ಬು ನೂರಕ್ಕೆ 3, ಸ್ಟ್ಯಾಂಡರ್ಡೈಸ್ಡ್‌ನಲ್ಲಿ 4.5, ಫುಲ್ ಕ್ರೀಮ್‌ನಲ್ಲಿ 6. ಟೋನ್ಡ್ ಹಾಲಿನಲ್ಲಿ ನೊರೆ ಎತ್ತರಕ್ಕೆ ಏಳುತ್ತದೆ ಆದರೆ ಬಾಯಲ್ಲಿ ಏನೂ ಇಲ್ಲ, ಫುಲ್ ಕ್ರೀಮ್‌ನಲ್ಲಿ ನೊರೆ ಕಮ್ಮಿ ಆದರೆ ಗುಟುಕು ಭಾರ. ಇದಕ್ಕೆ ನಡುವಿನ 4.5ರದ್ದು ಸಾಕು. ನೀವು ಕಾಫಿಗೆ ಯಾವ ಪ್ಯಾಕೆಟ್ ತರುತ್ತೀರಿ?

ಸರಸ್ವತಿಪುರಂ ನಿವೃತ್ತ:
ನೀಲಿ ಪ್ಯಾಕೆಟ್, ಟೋನ್ಡ್. ಕೊಲೆಸ್ಟ್ರಾಲ್ ಅಂತ ಅದೇ ತರುತ್ತೇವೆ. ಈಗ ಮಗಳ ಹೆಸರಲ್ಲಿ ನನಗೂ ಒಳ್ಳೆ ಹಾಲು ಬರಬಹುದು.

ದವರ ಲೋಟ:
ಇಷ್ಟೆಲ್ಲ ಯಾಕೆ? ದವರದಿಂದ ಲೋಟಕ್ಕೆ, ಲೋಟದಿಂದ ದವರಕ್ಕೆ ನಾಲ್ಕು ಸಲ ಎತ್ತರದಿಂದ ಹುಯ್ದರೆ ಆಯಿತು. ನಮ್ಮಪ್ಪ ಒಂದು ಗಜ ಎತ್ತುತ್ತಿದ್ದರು, ಒಂದು ತೊಟ್ಟು ಚೆಲ್ಲುತ್ತಿರಲಿಲ್ಲ.

ಒಂಟಿಕೊಪ್ಪಲ್ ಅಕ್ಕ:
ಅದರಲ್ಲಿ ನೊರೆ ಬರುತ್ತೆ, ಆದರೆ ಪಾನೀಯ ಆರಿಹೋಗುತ್ತೆ. ನೊರೆಯೂ ಎರಡು ನಿಮಿಷಕ್ಕೆ ಮಾಯ.

ದವರ ಲೋಟ:
ಎರಡು ನಿಮಿಷದಲ್ಲಿ ಕುಡಿದು ಮುಗಿಸಬೇಕಮ್ಮ, ಅದಕ್ಕೇ ಅಲ್ವಾ ಮಾಡಿರುವುದು.

ಹಿನಕಲ್ ಹುಡುಗ:
ಹಾಲೇ ಬೇಡ ಅನ್ನುವವರಿಗೆ? ನನಗೆ ಹಾಲು ಆಗಿಬರಲ್ಲ. ಅಂಗಡಿಯ ಬಾದಾಮಿ ಹಾಲು ಹಾಕಿದರೆ ನೀರೇ.

ತೀರ್ಥಹಳ್ಳಿ ಟು ಮೈಸೂರು:
ಗಸಗಸೆ! ಗಸಗಸೆ ಪಾಯಸ ಕುಡಿದು ಮಧ್ಯಾಹ್ನ ಉರುಳಿಕೊಂಡವರಿಗೆ ಗೊತ್ತು ಅದು ಎಷ್ಟು ನುಣ್ಣಗೆ ಅಂತ. ಒಂದು ಚಮಚ ಗಸಗಸೆ, ಐದಾರು ಗೋಡಂಬಿ. ಗಸಗಸೆಯನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಮೊದಲು ಒಣಗಿದ್ದಾಗಲೇ ಚಿಕ್ಕ ಜಾರಿನಲ್ಲಿ ಪುಡಿ ಮಾಡಿ. ನೆನೆಸಿ ಹಾಕಿದರೆ ಜಾರಿನ ಗೋಡೆಗೆ ಅಂಟಿಕೊಂಡು ಸುತ್ತುತ್ತಲೇ ಇರುತ್ತದೆ, ನುಣ್ಣಗಾಗುವುದಿಲ್ಲ. ಆಮೇಲೆ ನೆನೆದ ಗೋಡಂಬಿ, ಸ್ವಲ್ಪ ಉಗುರುಬೆಚ್ಚಗಿನ ನೀರು ಹಾಕಿ ಬೆಣ್ಣೆ ಥರ ರುಬ್ಬಿ. ಬಿಸಿ ಡಿಕಾಕ್ಷನ್‌ಗೆ ಕಲಸಿ, ಒಂದೇ ಕುದಿ. ತೆಂಗಿನ ಹಾಲು ಹಾಕುವುದಾದರೆ ಒಲೆ ಆರಿಸಿ ಹಾಕಿ, ಕುದಿಸಿದರೆ ಎಣ್ಣೆ ಬೇರೆ ನೀರು ಬೇರೆ.

ಗಸಗಸೆಯನ್ನು ದುಬೈ ಕಡೆ ಹೋಗುವಾಗ ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗಬೇಡಿ, ಅಲ್ಲಿ ನಿಷೇಧ. ವಿಷಯ ಎಲ್ಲಿಂದ ಎಲ್ಲಿಗೋ ಹೋಯಿತು.

ಆಲೆಮನೆ ಹೈದ:
ರಾಗಿ ಹುರಿಹಿಟ್ಟು ಅರ್ಧ ಚಮಚ ತಣ್ಣೀರಲ್ಲಿ ಕಲಸಿ ಸೇರಿಸಿ ನೋಡಪ್ಪ. ಗಟ್ಟಿಗೆ ಗಟ್ಟಿ. ಒಂದು ಚಮಚ ಹಾಕಿದರೆ ಅಂಬಲಿ ಆಗುತ್ತೆ, ಹುಷಾರು.

ಪಾಳಿ ಸಿಸ್ಟರ್:
ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು, ಒಂದೆರಡು ಮಾತು. ಬಸುರಿಯರಿಗೆ ಕೆಫೀನ್ ದಿನಕ್ಕೆ 200 ಮಿಲಿಗ್ರಾಂ ಒಳಗೆ ಇರಲಿ ಅನ್ನುವುದು ಸಾಮಾನ್ಯ ಸಲಹೆ. 2024ರಲ್ಲಿ ಐಸಿಎಂಆರ್–ಎನ್‌ಐಎನ್ (ರಾಷ್ಟ್ರೀಯ ಪೋಷಣಾ ಸಂಸ್ಥೆ) ಕೊಟ್ಟ ಆಹಾರ ಮಾರ್ಗಸೂಚಿಯ ಪ್ರಕಾರ 150 ಎಂಎಲ್ ಫಿಲ್ಟರ್ ಕಾಫಿಯಲ್ಲಿ 80ರಿಂದ 120, ಟೀಯಲ್ಲಿ 30ರಿಂದ 65 ಮಿಲಿಗ್ರಾಂ. ಅದಕ್ಕೇ ಬೆಳಗಿನ ಒಂದು ಲೋಟ ಬಿಟ್ಟಿದ್ದಾರೆ. ಬಸುರಿನಲ್ಲಿ ಕೆಫೀನ್ ಮೈಯಿಂದ ಹೋಗುವುದೂ ನಿಧಾನ, ಸಂಜೆ ಕುಡಿದದ್ದು ರಾತ್ರಿಯೆಲ್ಲಾ ಎಚ್ಚರ ಇಡುತ್ತದೆ.

ಮುಖ್ಯವಾದದ್ದು, ಹರ್ಬಲ್ ಅಂದ ಮಾತ್ರಕ್ಕೆ ಎಲ್ಲವೂ ಸರಿ ಅಲ್ಲ. ದೇವರಾಜ ಮಾರುಕಟ್ಟೆ ಕಡೆ ಗ್ರಂಥಿಗೆ ಅಂಗಡಿಯಲ್ಲಿ ಕಷಾಯಕ್ಕೆ ಅಂದರೆ ಅತಿಮಧುರ ಸೇರಿಸಿ ಕಟ್ಟಿಕೊಡುವುದುಂಟು. ಸಿಹಿಯಾಗಿರುತ್ತದೆ, ಆದರೆ ಬಿಪಿ ಏರಿಸುತ್ತದೆ, ಬಸುರಿಯರಿಗೆ ಬೇಡವೇ ಬೇಡ. ಅಶ್ವಗಂಧವೂ ಬೇಡ. ಡಬ್ಬದ ಮಿಶ್ರಣ ಆದರೆ ಹಿಂದೆ ಬರೆದದ್ದು ಓದಿ, ಓದೋಕಾಗದಷ್ಟು ಬೇರುಗಳ ಹೆಸರಿದ್ದರೆ ಡಬ್ಬ ಕೆಳಗಿಡಿ. ಚಾಕೊಲೇಟ್ ಪುಡಿ ಮೇಲೆ ಉದುರಿಸಬೇಡಿ ಸರ್, ಅದರಲ್ಲೂ ಕೆಫೀನ್ ಇದೆ.

ಸರಸ್ವತಿಪುರಂ ನಿವೃತ್ತ:
ಐದು ದಿನ ಆಯಿತು, ವರದಿ ಒಪ್ಪಿಸುತ್ತಿದ್ದೇನೆ.

ಮೊದಲ ಎರಡು ದಿನ ಕಡೆಗೋಲಿನಲ್ಲಿ ನೊರೆ ಬರಲೇ ಇಲ್ಲ, ಅಂಗೈ ಮಾತ್ರ ಬಿಸಿಯಾಯಿತು. ನಾನು ತಲೆಯನ್ನು ತಳಕ್ಕೆ ಒತ್ತಿ ತಿರುಗಿಸುತ್ತಿದ್ದೆ. ಮೂರನೇ ದಿನ ಅಕ್ಕ ಹೇಳಿದ ಹಾಗೆ ಮೇಲ್ಮೈಗೆ ಎತ್ತಿ ಹಿಡಿದೆ. ಗುಳುಗುಳು ಹೋಗಿ ಸರಸರ ಬಂತು! ನಿಜವಾಗಿಯೂ ಸದ್ದು ಬದಲಾಗುತ್ತದೆ, ಕಿವಿಯಲ್ಲೇ ಗೊತ್ತಾಗುತ್ತೆ. ಅಡುಗೆಮನೆಯಿಂದ ಕೂಗಿದೆ, ಮಗಳು ಎದ್ದು ಬಂದು ನೋಡಿದಳು.

ಈಗ ನಮ್ಮ ಮನೆಯ ಅಳತೆ ಇದು. ರೂಯ್‌ಬಾಸ್ ಎರಡು ಚಮಚ, ಅದರ ಜೊತೆಗೆ ಹುರಿದ ಕೊತ್ತಂಬರಿ ಪುಡಿ ಕಾಲು ಚಮಚ, ಜಜ್ಜಿದ ಒಂದು ಏಲಕ್ಕಿ. ಬರೀ ರೂಯ್‌ಬಾಸ್‌ನಲ್ಲಿ ಏನೋ ಒಂದು ಕಮ್ಮಿ ಅನಿಸುತ್ತಿತ್ತು, ಕೊತ್ತಂಬರಿಯ ಹುರಿದ ವಾಸನೆ ಅದನ್ನು ತುಂಬಿತು. 120 ಎಂಎಲ್ ನೀರು ಕುದಿದು 60ಕ್ಕೆ ಇಳಿಯಬೇಕು. ಬೆಲ್ಲ ಡಿಕಾಕ್ಷನ್‌ನಲ್ಲೇ ಕರಗಿಸಿ ಬಟ್ಟೆಯಲ್ಲಿ ಸೋಸುತ್ತೇನೆ. ಹಾಲು 140 ಎಂಎಲ್, 4.5ರದ್ದು. ಲೋಟಕ್ಕೆ ಮೊದಲು ಡಿಕಾಕ್ಷನ್, ಆಮೇಲೆ ಹಾಲನ್ನು ಚಮಚ ಅಡ್ಡ ಹಿಡಿದು ಹುಯ್ದು, ನೊರೆಯನ್ನು ಕೊನೆಗೆ ಚಮಚದಲ್ಲಿ ಎತ್ತಿ ಹಾಕುವುದು. ಡಿಕಾಕ್ಷನ್ ಮಾತ್ರ ಬೆಳಿಗ್ಗೆಯೇ ಮಾಡಿ ಫ್ರಿಜ್‌ನಲ್ಲಿ ಇಟ್ಟುಬಿಡುತ್ತೇನೆ, ಸಂಜೆ ಬಿಸಿ ಮಾಡಿದರೆ ರುಚಿ ಏನೂ ಕೆಡುವುದಿಲ್ಲ.

ಚಿಕೋರಿ ನನಗೋಸ್ಕರ ಒಂದು ದಿನ ಮಾಡಿಕೊಂಡೆ. ಪರವಾಗಿಲ್ಲ. ರಾಗಿ ಹುರಿಹಿಟ್ಟು ನಮಗೆ ಹಿಡಿಸಲಿಲ್ಲ, ಮಂಡ್ಯದವರು ಬೇಜಾರು ಮಾಡಿಕೊಳ್ಳಬಾರದು.

ನಿನ್ನೆ ಮನೆಯವರೂ ಒಂದು ಲೋಟ ಕೇಳಿ ಕುಡಿದರು. ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, 'ಚೆನ್ನಾಗಿದೆ, ಇದಕ್ಕೆ ಒಂದು ಚಮಚ ಕಾಫಿ ಡಿಕಾಕ್ಷನ್ ಬಿದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು' ಅಂದರು.

ಫಿಲ್ಟರ್ ಭಕ್ತ:
ಮೇಡಂ ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಕೈಮಗ್ಗದ ಸೀರೆ:
ಸರ್, ಆ ಸಣ್ಣ ಕಡೆಗೋಲು ಎಲ್ಲಿ ತಂದಿರಿ? ನಮ್ಮನೇದು ಮೊಳ ಉದ್ದ ಇದೆ, ಚೊಂಬಿನಲ್ಲಿ ನಿಲ್ಲಲ್ಲ.

ಸರಸ್ವತಿಪುರಂ ನಿವೃತ್ತ:
ತಂದಿಲ್ಲಮ್ಮ, ನಮ್ಮ ಅಮ್ಮನದು. ಅಟ್ಟದ ಮೇಲೆ ಹಿತ್ತಾಳೆ ಪಾತ್ರೆಗಳ ಒಳಗೆ ಇತ್ತು, ಒಂದು ಹಲ್ಲು ಮುರಿದಿದೆ. ಹೊಸದು ಬೇಕಾದರೆ ದೇವರಾಜ ಮಾರುಕಟ್ಟೆ ಸುತ್ತ ಮರದ ಸಾಮಾನು ಮಾರುವವರ ಹತ್ತಿರ ಕೇಳಿ ನೋಡಿ. ತಲೆ ದುಂಡಗೆ ಚಿಕ್ಕದಾಗಿರಲಿ.